ಹಿತ್ತಲ ಕೋಳಿಯ ಚರಿತ್ರೆ

ಭರತಖಂಡದ ಪೂರ್ವಿಕರು ತಾವು ಪಳಗಿಸಿದ ಪ್ರಾಣಿಗಳನ್ನು ಕುರಿತು ಶಾಸ್ತ್ರಗಳನ್ನು ರಚಿಸಿರುವರು. ಆನೆಗೆ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವುಂಟು; ಕುದುರೆಗೆ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದುಬಂದ ಅಶ್ವಶಾಸ್ತ್ರವುಂಟು; ಬೇಟೆಯ ಡೇಗೆಯನ್ನು ಪಳಗಿಸುವುದಕ್ಕೂ ಕುಮಾವೂನಿನ ರುದ್ರದೇವನು ಬರೆದ ಶ್ಯೈನಿಕಶಾಸ್ತ್ರವುಂಟು. ಇವುಗಳ ಸಾಲಿನಲ್ಲಿ ನಿಲ್ಲುವಂತಹ ಕೋಳಿಸಾಕಣೆಯ ಶಾಸ್ತ್ರವೊಂದು ಪ್ರಸಿದ್ಧವಾಗಿಲ್ಲ. ಆನೆ ಕುದುರೆಗಳು ಅರಮನೆಯ ಲಾಯದವು. ಕೋಳಿಯು ಬಡವನ ಹಿತ್ತಲಿನದು. ಅದನ್ನು ಸಾಕಿದವರು ಬಹುಮಟ್ಟಿಗೆ ಹೆಂಗಸರು, ಮಕ್ಕಳು. ಅವರು ಓಲೆಗರಿಯ ಮೇಲೆ ಏನನ್ನೂ ಬರೆದಿಡಲಿಲ್ಲ. ಆದರೆ ವಿದ್ಯೆಯು ಬರೆಯಲ್ಪಡದಿದ್ದ ಮಾತ್ರಕ್ಕೆ ಇರಲಿಲ್ಲವೆಂದು ಹೇಳಬಹುದೆ? ಹತ್ತು ಹನ್ನೆರಡು ಕೋಳಿಗಳ ಮಿಶ್ರವಾದ ಒಂದು ಚಿಕ್ಕ ಹಿಂಡನ್ನು ತಲೆಮಾರಿನಿಂದ ತಲೆಮಾರಿಗೆ ನಂದದಂತೆ ನಡೆಸಿಕೊಂಡು ಬಂದುದು ಸಾಮಾನ್ಯವಾದ ಕೆಲಸವಲ್ಲ. ಆ ವಿದ್ಯೆಯ ಚರಿತ್ರೆಯನ್ನು ದೊರೆತಷ್ಟು ಮಟ್ಟಿಗೆ ಇಲ್ಲಿ ವಿಚಾರಿಸಬಹುದು.

ಕೋಳಿಯು ಮನುಷ್ಯನ ಬಳಿಗೆ ಬಂದುದು ಹೇಗೆಂಬುದನ್ನು ಕ್ರಮವಾಗಿ ಶೋಧಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ನನು ಮುಖ್ಯನು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತನು ಪತ್ರಗಳ ಮೂಲಕ ತಿಳಿಸಿದ ಸಂಗತಿಗಳು ಅವನಿಗೆ ಬಹಳ ನೆರವಾದುವು. ಲೋಕದ ಸಾಕುಕೋಳಿಗಳೆಲ್ಲವೂ ಕೆಂಪು ಕಾಡುಕೋಳಿಯೊಂದರ ಸಂತತಿಯೆಂದು 1868ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಪ್ರತಿಪಾದಿಸಿದನು. ಸಿಂಧೂ ಬಯಲಿನ ಹಳೆಯ ಪಟ್ಟಣಗಳಲ್ಲಿ ದೊರೆತ ಎಲುಬುಗಳನ್ನು ಆಧರಿಸಿ, ಈ ಹಕ್ಕಿಯು ಮೊದಲು ಪಳಗಿದುದು ಅಲ್ಲಿಯೇ ಎಂದು ಬಹುಕಾಲ ನಂಬಲಾಗಿತ್ತು. ಈಚಿನ ಶೋಧನೆಗಳು ಆ ಗೌರವವನ್ನು ಪೂರ್ವದಿಕ್ಕಿಗೆ ಒಯ್ದಿರುವುವು. 2020ರಲ್ಲಿ 863 ಕೋಳಿಗಳ ವಂಶಸೂತ್ರಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು, ಚೀಣಾದೇಶದ ನೈರುತ್ಯ ಭಾಗ, ಬರ್ಮಾ, ಸಯಾಂ ಈ ಸೀಮೆಯ ಕೆಂಪು ಕಾಡುಕೋಳಿಯೇ ಮೂಲವೆಂದು ಹೇಳಿದರು. 2022ರಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯು ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ಬಾನ್ ನಾನ್ ವಾಟ್ ಎಂಬ ನೆಲೆಯಲ್ಲಿ ದೊರೆತ ಎಲುಬುಗಳನ್ನು ಅತ್ಯಂತ ಪ್ರಾಚೀನವೆಂದು ನಿರ್ಣಯಿಸಿತು. ಅವುಗಳ ಕಾಲವು ಕ್ರಿ. ಪೂ. 1650ರಿಂದ 1250ರ ವರೆಗೆ ಎಂದು ಗಣಿಸಲ್ಪಟ್ಟಿದೆ.

ಈ ಕಡೆಯ ಶೋಧನೆಯಲ್ಲಿ ಕಾಲನಿರ್ಣಯಕ್ಕಿಂತಲೂ ಮನಸ್ಸನ್ನು ಸೆಳೆಯುವ ಮಾತೊಂದುಂಟು. ಕಾಡುಕೋಳಿಯನ್ನು ಮನುಷ್ಯನು ಬಲೆಯೊಡ್ಡಿ ಹಿಡಿದು ತಂದು ಪಳಗಿಸಿದನೆನ್ನುವುದಕ್ಕಿಂತ, ಅವನು ಬತ್ತವನ್ನೂ ನವಣೆಯ ಜಾತಿಯ ಕಿರುಧಾನ್ಯಗಳನ್ನೂ ಬೆಳೆದು ಕೂಡಿಹಾಕಿದಾಗ ಆ ಕಾಳಿನ ಆಸೆಗೆ ಹಕ್ಕಿಯೇ ಮರದಿಂದ ಇಳಿದು ಕಣದ ಅಂಚಿಗೆ ಬಂದಿತೆಂದು ಹೇಳುವುದು ಯುಕ್ತವೆಂದು ಆ ವಿದ್ವಾಂಸರು ಅಭಿಪ್ರಾಯಪಡುವರು. ಸಂಜೆಯಾದೊಡನೆ ಮರದ ಕೊಂಬೆಯನ್ನೋ ಮನೆಯ ಸೂರನ್ನೋ ಹುಡುಕಿಕೊಂಡು ಹಾರುವ ನಾಟಿ ಕೋಳಿಯನ್ನು ಕಂಡವರಿಗೆ ಈ ಮಾತು ಅಸಂಭವವೆಂದು ತೋರದು. ಒಂದು ಹಿಡಿ ನುಚ್ಚಿಗೆ ಅಂಗಳಕ್ಕೆ ಬರುವುದು, ಕತ್ತಲಾದರೆ ಮರವನ್ನು ನೆನೆಯುವುದು: ಮೂರು ಸಾವಿರ ವರ್ಷಗಳಾದ ಮೇಲೂ ಅದರ ಪಳಗುವಿಕೆಯು ಅಷ್ಟರಲ್ಲಿಯೇ ನಿಂತಿರುವುದು.

ಡಾರ್ವಿನ್ನನ ಮತಕ್ಕೆ 2008ರಲ್ಲಿ ಮತ್ತೊಂದು ತಿದ್ದುಪಡಿಯಾಯಿತು. ಅದು ಕನ್ನಡನಾಡಿಗೆ ಸಂಬಂಧಿಸಿದುದು. ಸಹ್ಯಾದ್ರಿಯ ಕಾಡುಗಳಲ್ಲಿ ಇರುವುದು ಕೆಂಪು ಕಾಡುಕೋಳಿಯಲ್ಲ. ಕತ್ತಿನ ಗರಿಗಳ ಮೇಲೆ ಅರಗಿನ ಹನಿಗಳಂತೆ ಹೊಳೆಯುವ ಮಚ್ಚೆಗಳುಳ್ಳ ಬೂದುಬಣ್ಣದ ಕಾಡುಕೋಳಿ. ಸಾಕುಕೋಳಿಗಳಲ್ಲಿ ಕಾಣುವ ಹಳದಿಯ ಚರ್ಮ, ಹಳದಿಯ ಕಾಲುಗಳು ಈ ಬೂದು ಕಾಡುಕೋಳಿಯ ರಕ್ತದಿಂದ ಬಂದುವೆಂದು ಆ ವರ್ಷ ಸಿದ್ಧಪಟ್ಟಿತು. ದೂರದ ಅಮೆರಿಕದ ಗೂಡಿನಲ್ಲಿರುವ ಹೇಂಟೆಯ ಕಾಲು ಹಳದಿಯಾಗಿದ್ದರೆ, ದಕ್ಷಿಣ ಹಿಂದೂಸ್ಥಾನದ ಕಾಡಂಚಿನ ಯಾವುದೋ ಹಳ್ಳಿಯಲ್ಲಿ ಒಮ್ಮೆ ನಡೆದ ಬೆರಕೆಯು ಅದಕ್ಕೆ ಕಾರಣವೆಂದಾಯಿತು. ಬೆರಕೆಯ ಹಿಂಡೆಂಬುದು ಕೋಳಿಯ ಮಟ್ಟಿಗೆ ಹುಟ್ಟಿನಿಂದಲೇ ಬಂದ ಧರ್ಮವು.

ಹೆಸರನ್ನು ನೋಡಿದರೂ ದಕ್ಷಿಣದಲ್ಲಿ ಈ ಹಕ್ಕಿಯ ಪ್ರಾಚೀನತೆಯು ತಿಳಿಯಬರುವುದು. ಕನ್ನಡದ ಕೋಳಿ, ತಮಿಳಿನ ಕೋಳಿ, ತುಳುವಿನ ಕೋರಿ, ತೆಲುಗಿನ ಕೋಡಿ ಇವೆಲ್ಲವೂ ಒಂದೇ ಮೂಲದವು. ಚೋಳರ ಹಳೆಯ ರಾಜಧಾನಿಯಾದ ಉರೈಯೂರಿಗೇ ಕೋಳಿಯೆಂಬ ಹೆಸರಿದ್ದಿತು. ಅಲ್ಲಿ ಒಂದು ಹುಂಜವು ಆನೆಯನ್ನೇ ಎದುರಿಸಿ ಗೆದ್ದಿತೆಂದು ಐತಿಹ್ಯವುಂಟು. ಸಂಸ್ಕೃತದ ಕುಕ್ಕುಟ ಶಬ್ದವು ಹಕ್ಕಿಯ ಕೂಗನ್ನೇ ಅನುಕರಿಸಿ ಹುಟ್ಟಿದುದು. ವ್ಯಾಕರಣವನ್ನು ಓದಿದವರಿಗೆ ಪರಿಚಿತವಾದ ಸಂಗತಿಯೊಂದನ್ನು ಇಲ್ಲಿ ನೆನೆಯಬಹುದು. ಹ್ರಸ್ವ, ದೀರ್ಘ, ಪ್ಲುತಗಳೆಂಬ ಸ್ವರಭೇದಗಳನ್ನು ಹೇಳುವಲ್ಲಿ ಪಾಣಿನಿಯು ಅಕಾರವನ್ನು ಬಿಟ್ಟು ಉಕಾರವನ್ನೇ ಏಕೆ ಹಿಡಿದನೆಂದು ಪ್ರಶ್ನೆಯುಂಟು. ಹುಂಜದ ಕೂಗಿನಲ್ಲಿ ಉಕಾರವು ಒಂದು, ಎರಡು, ಮೂರು ಮಾತ್ರೆಗಳಾಗಿ ಕ್ರಮವಾಗಿ ಕೇಳಿಬರುವುದರಿಂದ ಎಂದು ಸಂಪ್ರದಾಯದವರು ಉತ್ತರ ಕೊಡುವರು. ಮಹರ್ಷಿಗೆ ಉದಾಹರಣೆಯು ಬೆಳಗಿನ ಜಾವದಲ್ಲಿ ಪಕ್ಕದ ಹಿತ್ತಲಿನಿಂದ ದೊರೆಯಿತೆಂದು ಭಾವಿಸಿದರೆ ತಪ್ಪಾಗಲಾರದು.

ಅದೇ ವ್ಯಾಕರಣದ ಪರಂಪರೆಯಲ್ಲಿ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಕೋಳಿಯನ್ನು ತರುವನು. ಗ್ರಾಮದ ಕೋಳಿಯನ್ನು ತಿನ್ನಬಾರದೆಂದು ಹೇಳಿದರೆ ಕಾಡಿನ ಕೋಳಿಯನ್ನು ತಿನ್ನಬಹುದೆಂಬುದು ತಾನಾಗಿ ಗೊತ್ತಾಗುವುದೆಂದು ಅವನ ನಿದರ್ಶನ. ಮನುಸ್ಮೃತಿಯೂ ದ್ವಿಜರಿಗೆ ನಿಷಿದ್ಧವಾದ ಪದಾರ್ಥಗಳ ಸಾಲಿನಲ್ಲಿ ಬೆಳ್ಳುಳ್ಳಿ, ಈರುಳ್ಳಿಗಳೊಡನೆ ಗ್ರಾಮಕುಕ್ಕುಟವನ್ನು ಎಣಿಸಿರುವುದು. ಕಾಡಿನದಕ್ಕೆ ಇಲ್ಲದ ದೋಷವು ಊರಿನದಕ್ಕೆ ಬರಲು, ಅದು ತಿಪ್ಪೆಯನ್ನು ಕೆದರಿ ಸಿಕ್ಕಿದುದನ್ನು ತಿನ್ನುವ ಹಕ್ಕಿಯೆಂಬುದು ಕಾರಣವಾಗಿರಬೇಕು. ಚರಿತ್ರಕಾರನಿಗಾದರೋ ಈ ನಿಷೇಧದಿಂದಲೇ ಒಂದು ಲಾಭವುಂಟು. ಊರಿನಲ್ಲಿ ಇಲ್ಲದ ವಸ್ತುವನ್ನು ಯಾರೂ ನಿಷೇಧಿಸುವುದಿಲ್ಲ. ಸ್ಮೃತಿಕಾರರ ಕಾಲಕ್ಕೆ ಪ್ರತಿಯೊಂದು ಗ್ರಾಮದ ತಿಪ್ಪೆಯ ಮೇಲೂ ಕೋಳಿಯು ನಿಂತಿದ್ದಿತೆಂಬುದಕ್ಕೆ ಇದೇ ಸಾಕ್ಷಿ.

ಉಳಿದ ಕಡೆಗಳಲ್ಲಿ ಶಿಷ್ಟಸಾಹಿತ್ಯವು ಹುಂಜವನ್ನು ಹೊಗಳಿರುವುದು. ಅದು ಸ್ಕಂದನ ಧ್ವಜವನ್ನು ಏರಿರುವುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ದಂಡಿಯ ದಶಕುಮಾರಚರಿತೆಯಲ್ಲಿ ಪ್ರಮತಿಯು ಕೋಳಿಗಳ ಕಾಳಗವನ್ನು ನೋಡುತ್ತ, ಅವುಗಳ ಜಾತಿಭೇದವನ್ನು ಅರಿಯದೆ ಪಂದ್ಯಕ್ಕೆ ಬಿಟ್ಟವರನ್ನು ಕಂಡು ನಗುವನು. ಚಾಣಕ್ಯನ ಹೆಸರಿನ ನೀತಿಯಲ್ಲಿ ಹುಂಜದಿಂದ ಕಲಿಯತಕ್ಕ ಗುಣಗಳು ನಾಲ್ಕು: ಹೊತ್ತಿಗೆ ಏಳುವುದು, ಹಿಮ್ಮೆಟ್ಟದೆ ಹೋರಾಡುವುದು, ದೊರೆತುದನ್ನು ಬಂಧುಗಳೊಡನೆ ಹಂಚಿಕೊಳ್ಳುವುದು, ಸ್ವಂತ ದುಡಿಮೆಯಿಂದ ಉಣ್ಣುವುದು. ಇವೆಲ್ಲವೂ ಹುಂಜದ ಮಾತೇ ಹೊರತು, ಮೊಟ್ಟೆಯನ್ನಿಟ್ಟು ಕಾವು ಕೊಟ್ಟು ಮರಿಗಳನ್ನು ರೆಕ್ಕೆಯಡಿಯಲ್ಲಿ ಕಾಯುವ ಹೇಂಟೆಯ ಮಾತು ಅಲ್ಲಿಲ್ಲ. ತನ್ನ ಹುಂಜವು ಕೂಗದಿದ್ದರೆ ಊರಿಗೆ ಬೆಳಗಾಗದೆಂದು ಬೀಗಿದ ಮುದುಕಿಯ ಕಥೆಯನ್ನು ಹೇಳಿ ನಗುವ ನಾಡಿನಲ್ಲಿಯೂ ಕೀರ್ತಿಯು ಹುಂಜಕ್ಕೇ ಸಂದಿತು.

ಕನ್ನಡದಲ್ಲಿ ಕೋಳಿಯ ಬಾಳಿಗೆ ದೊಡ್ಡ ಕಾವ್ಯದ ಗೌರವವು ದೊರೆತುದು ಜನ್ನನಿಂದ. ಕ್ರಿ. ಶ. 1209ರಲ್ಲಿ ಅವನು ರಚಿಸಿದ ಯಶೋಧರಚರಿತೆಯ ಕಥೆಯು ಒಂದು ಹಿಟ್ಟಿನ ಕೋಳಿಯ ಮೇಲೆ ನಿಂತಿರುವುದು. ಜೀವವನ್ನು ಬಲಿಗೊಡಲೊಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಕಡಿಯುವನು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಕ್ಕಳು ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ನವೆದು, ಕಡೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶವನ್ನು ಕೇಳಿ ಹರ್ಷದಿಂದ ಕೂಗಿದಾಗ, ಆ ದನಿಯ ಗುರಿಯನ್ನೇ ಹಿಡಿದು ಅರಸನು ಎಸೆದ ಬಾಣಕ್ಕೆ ತುತ್ತಾಗುವುವು. ಬಲಿಪೀಠದಲ್ಲಿಯೂ ತುಳುನಾಡಿನ ಅಂಕದ ಕಣದಲ್ಲಿಯೂ ಸಾಯುವುದಕ್ಕೆಂದೇ ಬೆಳೆದ ಹಕ್ಕಿಯನ್ನು, ನೋವು ಬಲ್ಲ ಜೀವವೆಂದು ಇಷ್ಟು ನೇರವಾಗಿ ಕಂಡ ಕವಿಗಳು ವಿರಳ.

ಇನ್ನು ಬರೆಯಲ್ಪಡದ ವಿದ್ಯೆಯನ್ನು ನೋಡೋಣ. ಅದು ಗ್ರಂಥಗಳಲ್ಲಿಲ್ಲ, ಹಳ್ಳಿಯ ಹಿತ್ತಲುಗಳಲ್ಲಿ ಇಂದಿಗೂ ನಡೆಯುತ್ತಿರುವ ಆಚಾರದಲ್ಲಿರುವುದು. ನಾಟಿ ಹೇಂಟೆಯು ಹತ್ತರಿಂದ ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಬರುವುದು. ಮೈ ಬಿಸಿಯಾಗಿ, ಗರಿಗೆದರಿ, ಕೊಟಕೊಟನೆ ಸದ್ದುಮಾಡುತ್ತ ಗೂಡನ್ನು ಬಿಟ್ಟೇಳದ ಆ ಸ್ಥಿತಿಯನ್ನು ಮನೆಯಾಕೆಯು ಮೊದಲ ದಿನವೇ ಗುರುತಿಸುವಳು. ಮಂಕರಿಯಲ್ಲಿ ಹುಲ್ಲನ್ನೋ ಬೂದಿ ಬೆರೆಸಿದ ಮರಳನ್ನೋ ಹರಡಿ, ಕೋಳಿಹೇನು ಹತ್ತದಂತೆ ಬೇವಿನ ಸೊಪ್ಪನ್ನು ಹಾಕಿ, ಮಂದವಾದ ಬೆಳಕಿನ ಮೂಲೆಯಲ್ಲಿ ಅದನ್ನು ಕೂರಿಸುವಳು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುವ ವಾಡಿಕೆಯುಂಟು. ಇದು ನಂಬಿಕೆಯ ಭಾಗ. ಆದರೆ ಒಂದು ವಾರ ಕಳೆದ ಮೇಲೆ ಮೊಟ್ಟೆಯನ್ನು ದೀಪಕ್ಕೆ ಅಡ್ಡಹಿಡಿದು ಜೀವವಿರುವುದನ್ನೂ ಬರಿದಾಗಿರುವುದನ್ನೂ ಬೇರ್ಪಡಿಸುವುದು, ಮರಿಯೊಡೆಯುವ ದಿನ ಸಮೀಪಿಸಿದಾಗ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು ಅಲುಗಾಡುವುದನ್ನು ನೋಡುವುದು, ಇವು ಅನುಭವದಿಂದ ಬಂದ ಪರೀಕ್ಷೆಗಳು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುವುವು. ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿ, ಹುಟ್ಟಿದ ಮರಿಗಳೆಲ್ಲವನ್ನೂ ಒಂದರ ವಶಕ್ಕೆ ಕೊಟ್ಟು, ಮತ್ತೊಂದು ಬೇಗನೆ ಮೊಟ್ಟೆಗೆ ಬರುವಂತೆ ಮಾಡುವ ಜಾಣ್ಮೆಯೂ ಉಂಟು. ಮರಿಗಳಿಗೆ ಮೊದಲು ನುಚ್ಚು, ಅನಂತರ ಹುತ್ತದಿಂದ ತಂದ ಗೆದ್ದಲು. ಹಗಲು ಹದ್ದಿನ ಭಯ, ಇರುಳು ಕಾಡುಬೆಕ್ಕು ಮುಂಗುಸಿಗಳ ಭಯ. ಆದುದರಿಂದ ಹೊತ್ತು ಮುಳುಗುವ ಮುನ್ನ ಎಣಿಸಿ ಮುಚ್ಚುವುದು ಮನೆಯ ಮಕ್ಕಳ ಕೆಲಸ.

ಹಿಂಡಿನ ಬೆರಕೆಯೂ ಅಜ್ಞಾನದ ಫಲವಲ್ಲ. ಕೆಂಪು, ಕಪ್ಪು, ಬೂದು, ಚುಕ್ಕೆಯ ಮೈಯವು ಪೊದೆಯ ನೆರಳಿನಲ್ಲಿ ಹದ್ದಿನ ಕಣ್ಣಿಗೆ ಬೇಗನೆ ಬೀಳವು. ಬಿಳಿಯ ಕೋಳಿಯು ದೂರದಿಂದಲೇ ಕಾಣುವುದು. ಬೋಳುಕತ್ತಿನ ಕೋಳಿಯನ್ನು ನೋಡಿದವರು ಅಪಹಾಸ್ಯ ಮಾಡುವುದುಂಟು. ಆದರೆ ಗರಿಯಿಲ್ಲದ ಆ ಕತ್ತಿನಿಂದ ಮೈಯ ಕಾವು ಹೊರಹೋಗುವುದರಿಂದ ಕಡುಬೇಸಗೆಯನ್ನು ಅದು ಉಳಿದವುಗಳಿಗಿಂತ ಚೆನ್ನಾಗಿ ತಾಳುವುದೆಂದು ಇಂದಿನ ವಿಜ್ಞಾನವು ಒಪ್ಪಿರುವುದು. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ, ಅದೂ ಕೆಲವು ವರ್ಷಗಳಿಗೊಮ್ಮೆ ಬೇರೆ ಊರಿನಿಂದ ತಂದುದಾದರೆ, ಸಂತತಿಯು ಕೃಶವಾಗದು. ಹೀಗೆ ಬೆಳೆದ ಹೇಂಟೆಯು ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆಗಳಿಗಿಂತ ಹೆಚ್ಚನ್ನು ಕೊಡುವುದು ಅಪೂರ್ವವಾದರೂ, ಅದರ ಮೇವಿಗೆ ಕಾಸು ಬೀಳುವುದಿಲ್ಲ; ಬಂದ ಹಣವು ಹೆಚ್ಚಾಗಿ ಮನೆಯಾಕೆಯ ಕೈಯಲ್ಲಿಯೇ ಉಳಿಯುವುದು.

ಪಾಶ್ಚಾತ್ಯ ದೇಶಗಳಲ್ಲಿ ಕೋಳಿಯ ಭಾಗ್ಯವು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬದಲಾಯಿತು. ಚೀಣಾದೇಶದಿಂದ ಬಂದ ದೊಡ್ಡ ಮೈಯ ಕೋಳಿಗಳನ್ನು ಕಂಡು ಇಂಗ್ಲೆಂಡ್ ಅಮೆರಿಕಗಳ ಜನರು ಮರುಳಾದರು. 1849ರಲ್ಲಿ ಬಾಸ್ಟನ್ ನಗರದಲ್ಲಿ ನಡೆದ ಪ್ರದರ್ಶನದಿಂದ ಹರಡಿದ ಆ ಹುಚ್ಚಿಗೆ ಕೋಳಿಜ್ವರವೆಂದೇ ಹೆಸರಾಗಿ, ಜಾರ್ಜ್ ಬರ್ನ್‌ಹ್ಯಾಮ್ ಎಂಬಾತನು 1855ರಲ್ಲಿ ಅದರ ಚರಿತ್ರೆಯನ್ನು ಪರಿಹಾಸ್ಯವಾಗಿ ಬರೆದನು. ಆಗ ಪ್ರಸಿದ್ಧಿಗೆ ಬಂದ ಒಂದು ತಳಿಗೆ ಬ್ರಹ್ಮಪುತ್ರಾ ನದಿಯ ಹೆಸರನ್ನಿಟ್ಟು, ಅನಂತರ ಚಿಕ್ಕದು ಮಾಡಿ ಬ್ರಹ್ಮ ಎಂದು ಕರೆದರು. ಸ್ಮೃತಿಯು ಹೊರಗಿಟ್ಟ ಹಕ್ಕಿಗೆ ದೂರದೇಶದಲ್ಲಿ ಬ್ರಹ್ಮನಾಮವು ದೊರೆತುದು ವಿಚಿತ್ರವಲ್ಲವೆ?

ಇದೇ ಶತಮಾನದ ಕೊನೆಯಲ್ಲಿ ಕೋಳಿಯು ಮನುಷ್ಯನಿಗೆ ಒಂದು ಮಹೋಪಕಾರವನ್ನು ಮಾಡಿತು. ಜಾವಾದ್ವೀಪದ ಬಟೇವಿಯಾ ನಗರದಲ್ಲಿ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯನ ಕೋಳಿಗಳು ಕಾಲಿನ ಶಕ್ತಿಯುಡುಗಿ ಬೀಳತೊಡಗಿದುವು. ಕೆಲವು ಕಾಲದ ಮೇಲೆ ತಾವಾಗಿಯೇ ಗುಣಹೊಂದಿದುವು. ವಿಚಾರಿಸಲಾಗಿ, ಮೊದಲು ಅವಕ್ಕೆ ಸೈನಿಕ ಆಸ್ಪತ್ರೆಯ ಅಡಿಗೆಮನೆಯ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಅದನ್ನು ಕೊಡಲೊಪ್ಪದಿದ್ದುದರಿಂದ ತೌಡು ಹೋಗದ ಅಕ್ಕಿಗೆ ಬದಲಾಯಿಸಿದರೆಂದೂ ತಿಳಿದುಬಂದಿತು. ತೌಡಿನಲ್ಲಿ ಜೀವಕ್ಕೆ ಅವಶ್ಯಕವಾದ ಏನೋ ಒಂದು ಇರುವುದೆಂಬ ಸುಳಿವು ಹೀಗೆ ದೊರೆಯಿತು. ಜೀವಸತ್ವಗಳ ವಿದ್ಯೆಗೆ ಇದು ನಾಂದಿ; 1929ರಲ್ಲಿ ಐಕ್ಮನ್ನನಿಗೆ ನೊಬೆಲ್ ಬಹುಮಾನವು ಬಂದಿತು. ಕೋಳಿಗೆ ತೌಡನ್ನೂ ನುಚ್ಚನ್ನೂ ಹಾಕುತ್ತಿದ್ದ ಹಿತ್ತಲಿನ ಹೆಂಗಸರು ಕಾರಣವನ್ನರಿಯದಿದ್ದರೂ ಕಾರ್ಯದಲ್ಲಿ ತಪ್ಪಿರಲಿಲ್ಲ.

ಮುಂದಿನ ಶತಮಾನವು ಹಿಂಡಿನ ಅಳತೆಯನ್ನೇ ಬದಲಾಯಿಸಿತು. 1923ರಲ್ಲಿ ಅಮೆರಿಕದ ಡೆಲಾವೇರ್ ಸಂಸ್ಥಾನದ ಸಿಸೀಲ್ ಸ್ಟೀಲ್ ಎಂಬ ಗೃಹಿಣಿಯು ಮೊಟ್ಟೆಗಾಗಿ ಐವತ್ತು ಮರಿಗಳನ್ನು ತರಿಸಲು, ಕಳುಹಿಸಿದವರ ಕೈತಪ್ಪಿನಿಂದ ಐನೂರು ಬಂದುವು. ಆಕೆಯು ಅವನ್ನು ಹಿಂದಿರುಗಿಸದೆ ಸಾಕಿ ಮಾಂಸಕ್ಕಾಗಿ ಮಾರಿದಳು. 1926ರ ವೇಳೆಗೆ ಹತ್ತು ಸಾವಿರ ಕೋಳಿಗಳ ಮನೆಯನ್ನು ಕಟ್ಟಿಸಿದಳು. ಕೇವಲ ಮಾಂಸಕ್ಕಾಗಿ ಕೋಳಿಯನ್ನು ಬೆಳೆಸುವ ದೊಡ್ಡ ಉದ್ಯಮವು ಹೀಗೆ ಮನೆಯ ಹಿಂಡೊಂದರಿಂದಲೇ ಬೆಳೆಯಿತು. ಮೊಟ್ಟೆಯ ಕಡೆಯಲ್ಲಿ ಬಿಳಿಯ ಲೆಗ್‌ಹಾರ್ನ್ ತಳಿಯನ್ನು ಶೋಧಿಸಿ ಶೋಧಿಸಿ ವರ್ಷಕ್ಕೆ ಮುನ್ನೂರಕ್ಕೂ ಮಿಗಿಲಾಗಿ ಇಡುವಂತೆ ಮಾಡಿದರು. ಇದಕ್ಕೆ ತೆತ್ತ ಬೆಲೆಯೇನು? ಕಾವಿಗೆ ಕುಳಿತ ಹೇಂಟೆಯು ಮೊಟ್ಟೆಯಿಡುವುದಿಲ್ಲವಾದುದರಿಂದ, ಕಾವಿಗೆ ಕೂರುವವುಗಳನ್ನು ಪ್ರತಿ ತಲೆಯಲ್ಲಿಯೂ ಆರಿಸಿ ತೆಗೆದುಹಾಕಿದರು. ಕಡೆಗೆ ಕಾವೆಂಬ ಸ್ವಭಾವವೇ ಆ ವಂಶದಿಂದ ಬಹುಮಟ್ಟಿಗೆ ಅಳಿಯಿತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ತದವರು ಮಣ್ಣಿನ ಒಲೆಮನೆಗಳಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿಮಾಡುತ್ತಿದ್ದರು; ಇಂದು ಆ ಕೆಲಸವನ್ನು ಯಂತ್ರಗಳು ಮಾಡುವುವು. ಯಂತ್ರವು ನಿಂತರೆ ಆ ಕುಲವೂ ನಿಲ್ಲುವುದು.

ಹಿತ್ತಲ ಹಿಂಡಿನ ದುರ್ಬಲತೆಯನ್ನೂ ಮರೆಮಾಡಬಾರದು. ಅದರ ದೊಡ್ಡ ಶತ್ರು ರಾಣಿಖೇತ್ ರೋಗ. ಹಳ್ಳಿಗರು ಅದನ್ನು ಕೊಕ್ಕರೆ ರೋಗವೆನ್ನುವರು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿಯೂ ಕಾಣಿಸಿಕೊಂಡ ಈ ವ್ಯಾಧಿಯನ್ನು ಹಿಂದೂದೇಶದಲ್ಲಿ ಸ್ವಲ್ಪ ಕಾಲದಲ್ಲಿಯೇ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಿದರು. ಹಸುರು ಭೇದಿ, ಏದುಸಿರು, ತಿರುಚಿದ ಕತ್ತು. ಮೂರು ನಾಲ್ಕು ದಿನಗಳಲ್ಲಿ ಅಂಗಳವು ಬರಿದಾಗುವುದು. ಬೇವಿನ ಸೊಪ್ಪಾಗಲಿ ಹರಕೆಯಾಗಲಿ ಇದರ ಮುಂದೆ ನಿಲ್ಲಲಿಲ್ಲ. ಅದೇ ಕುಮಾವೂನಿನ ಮುಕ್ತೇಶ್ವರದ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಹ್ಯಾಡೋ ಮತ್ತು ಇದ್ನಾನಿ ಎಂಬ ವಿಜ್ಞಾನಿಗಳು, ರೋಗದ ವಿಷಾಣುವನ್ನು ಮರಿಗಟ್ಟುತ್ತಿರುವ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆಯನ್ನು ತಗ್ಗಿಸಿ ಲಸಿಕೆಯನ್ನು ಸಿದ್ಧಪಡಿಸಿದರು. ಎಳೆಯ ಮರಿಗೆ ಮೊದಲ ವಾರದಲ್ಲಿ ಸೌಮ್ಯವಾದ ಲಸಿಕೆಯ ಹನಿ, ಎಂಟು ವಾರಗಳಾದ ಮೇಲೆ ಈ ಮುಕ್ತೇಶ್ವರದ ಲಸಿಕೆಯ ಚುಚ್ಚು ಎಂಬುದು ರೂಢಿಯಾಯಿತು. ಹಿತ್ತಲ ವಿದ್ಯೆಗೆ ಪ್ರಯೋಗಶಾಲೆಯು ಕೊಟ್ಟ ಅತ್ಯಂತ ಬೆಲೆಯುಳ್ಳ ಕಾಣಿಕೆಯಿದು. ಆದರೂ ಲಸಿಕೆಯು ನೂರು ಕೋಳಿಗಳ ಲೆಕ್ಕದ ಸೀಸೆಗಳಲ್ಲಿ ಬರುವುದರಿಂದಲೂ ತಂಪಿನಲ್ಲಿಯೇ ಇಡಬೇಕಾಗಿರುವುದರಿಂದಲೂ, ಹತ್ತು ಕೋಳಿಗಳ ಮನೆಗೆ ಅದು ತಲಪುವುದು ಕಷ್ಟ. ನೆರೆಯ ಹತ್ತು ಮನೆಗಳವರು ಒಂದೇ ದಿನ ಕೂಡಿ ಹಾಕಿಸಿದರೆ ಈ ತೊಡಕು ಬಗೆಹರಿಯುವುದು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡಾಗ ದೊಡ್ಡ ಸಾಕಣೆಮನೆಗಳ ಕೋಳಿಗಳೊಡನೆ ಸುತ್ತಲಿನ ಹಳ್ಳಿಗಳ ಹಿತ್ತಲ ಹಿಂಡುಗಳನ್ನೂ ಕೊಲ್ಲಿಸಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ ಅಲ್ಪವೆನಿಸುವ ಅಂತಹ ನಷ್ಟವು ಬಡವಿಯ ಮನೆಯಲ್ಲಿ ಅಲ್ಪವಲ್ಲ.

ಕನ್ನಡನಾಡಿನಲ್ಲಿ ಹಳೆಯ ವಿದ್ಯೆಯೂ ಹೊಸ ವಿದ್ಯೆಯೂ ಕೈಹಿಡಿದುದಕ್ಕೆ ಒಂದು ನಿದರ್ಶನವುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೆಬ್ಬಾಳದಲ್ಲಿ ಬೆಳೆಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ ಕೋಳಿಯು ಹಿತ್ತಲಿಗೆಂದೇ ಉದ್ದೇಶಿಸಲ್ಪಟ್ಟುದು. ಬಣ್ಣಬಣ್ಣದ ಗರಿ, ತಿಪ್ಪೆ ಕೆದರುವ ಸ್ವಭಾವ, ನಾಟಿಯ ಎರಡರಷ್ಟಕ್ಕೂ ಮೀರಿದ ಮೊಟ್ಟೆಗಳು, ದೊಡ್ಡ ಮೈ ಇವೆಲ್ಲ ಅದರ ಗುಣಗಳು. ಆದರೆ ಅದು ಕಾವಿಗೆ ಕೂರುವುದಿಲ್ಲ. ಆದುದರಿಂದ ಗಿರಿರಾಜದ ಮೊಟ್ಟೆಗಳನ್ನು ಹಳ್ಳಿಯಲ್ಲಿ ಮರಿಮಾಡಿಸಬೇಕಾದರೆ ನಾಟಿ ಹೇಂಟೆಯ ಕೆಳಗೆ ಇಡಬೇಕು. ವಿಶ್ವವಿದ್ಯಾನಿಲಯದ ಕೂಸಿಗೆ ತಿಪ್ಪೆಯ ಹೇಂಟೆಯೇ ದಾದಿ.

2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಮೊದಲಾದ ಸಾಕುಹಕ್ಕಿಗಳು ಒಟ್ಟು 85 ಕೋಟಿ 18 ಲಕ್ಷವಾದರೆ, ಹಿತ್ತಲಿನವು 31 ಕೋಟಿ 70 ಲಕ್ಷ. 2012ರ ಗಣತಿಗಿಂತ ಹಿತ್ತಲಿನವು ನೂರಕ್ಕೆ ಸುಮಾರು 46ರಷ್ಟು ಹೆಚ್ಚಿದ್ದುವು. ದೊಡ್ಡ ಸಾಕಣೆಮನೆಗಳ ಕಾಲದಲ್ಲಿ ಚಿಕ್ಕ ಹಿಂಡು ತಾನಾಗಿ ಅಳಿಯುವುದೆಂದು ಎಣಿಸಿದವರ ಊಹೆಯು ಸುಳ್ಳಾಗಿರುವುದು. ಸಂಖ್ಯೆಯು ಹೆಚ್ಚಿದುದರಿಂದ ವಿದ್ಯೆಯು ಉಳಿಯಿತೆಂದು ಮಾತ್ರ ಭಾವಿಸಲಾಗದು. ಯಂತ್ರದ ಮರಿಯನ್ನು ಸಂತೆಯಲ್ಲಿ ಕೊಂಡು ಸಾಕುವವರಿಗೆ ಕಾವಿನ ಕೋಳಿಯನ್ನು ಗುರುತಿಸುವ ಅವಶ್ಯಕತೆಯಿಲ್ಲ. ಅವಶ್ಯಕತೆಯಿಲ್ಲದ ವಿದ್ಯೆಯು ಒಂದೆರಡು ತಲೆಗಳಲ್ಲಿ ಮರೆತುಹೋಗುವುದು. ಹಿಂಡನ್ನು ಹೊಸದಾಗಿ ಕಟ್ಟುವ ಗೃಹಸ್ಥರು ಎಂತಹ ಉತ್ತಮ ತಳಿಯನ್ನು ತಂದರೂ, ಅದರ ನಡುವೆ ಕಾವಿಗೆ ಕೂರುವ ಎರಡು ನಾಟಿ ಹೇಂಟೆಗಳನ್ನು ಇಟ್ಟುಕೊಳ್ಳುವುದು ಮೇಲು. ಮನೆಯಲ್ಲಿ ಅವನ್ನು ಕೂರಿಸಬಲ್ಲ ಹಿರಿಯಳಿದ್ದರೆ, ಆಕೆಯು ಬಲ್ಲುದನ್ನು ಕೇಳಿ ಬರೆದುಕೊಳ್ಳುವುದು ಇನ್ನೂ ಮೇಲು. ಪಾಲಕಾಪ್ಯನಿಗೆ ಆನೆಯ ವಿದ್ಯೆಯನ್ನು ಬರೆಯುವ ಭಾಗ್ಯವಿದ್ದಿತು. ಹಿತ್ತಲ ಕೋಳಿಯ ವಿದ್ಯೆಯನ್ನು ಬರೆಯುವ ಕಾಲವು ಇನ್ನೂ ಮೀರಿಲ್ಲ.